ಅಮ್ಮನ ಹತ್ತೊಂಬತ್ತು ಅಂಕಿ

ಮನೆಯಿಂದ,
ಗುರುವಾರ, ಹನ್ನೊಂದನೇ ತಾರೀಕು

ಪ್ರೀತಿಯ ಗುಬ್ಬೀ,

ಹಲ್ಲುನೋವು ಹೇಗಿದೆ? ಕೀಳಿಸಿದೆಯೋ, ಇಲ್ಲ ಇನ್ನೂ ಒಂದೇ ಕಡೆ ಅಗಿಯುತ್ತಾ ದಿನ ದೂಡುತ್ತಿದ್ದೀಯೋ? ಪುಕ್ಕಲುತನದಲ್ಲಿ ನೀನು ನನ್ನ ಮಗಳೇ, ಅನುಮಾನವಿಲ್ಲ. ನನ್ನ ಕಣ್ಣು ಪರವಾಗಿಲ್ಲ. ಸೂಜಿಗೆ ದಾರ ಪೋಣಿಸಲು ಮೂರು ಸಲ ಬೇಕಾಗುತ್ತೆ, ಅಷ್ಟೇ. ಅಂಗಡಿಗೆ ಈಗೀಗ ಹೊಸ ಬಟ್ಟೆ ಹೊಲಿಸಲು ಬರುವವರಿಗಿಂತ ಹಳೆಯದನ್ನು ಸಡಿಲ ಮಾಡಿಸಲು ಬರುವವರೇ ಜಾಸ್ತಿ.

ನಿನ್ನ ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆಯಬೇಕು, ಕೈ ಓಡುತ್ತಿಲ್ಲ. ಸೋಮವಾರ ನನ್ನನ್ನು ಕಾಲೇಜಿನ ಜವಾನ ಅಂದುಕೊಂಡು ಸೀಮೆಸುಣ್ಣ ತರಲು ಹೇಳಿದಳು. ಬಟ್ಟೆಗೆ ಗುರುತು ಹಾಕುವ ಸುಣ್ಣದ ತುಂಡು ಕೊಟ್ಟೆ. ಅಡುಗೆಮನೆಯ ಗೋಡೆಯ ಮೇಲೆ ಪಾಠ ಶುರುವಾಯಿತು. ನನಗೆ ನಗು ಬಂತು. ಆಮೇಲೆ ಗೋಡೆ ಒರೆಸುವಾಗ ಒಬ್ಬನೇ ಅತ್ತೆ.

ಆದರೂ ನಮ್ಮ ಒಪ್ಪಂದ ನಡೆಯುತ್ತಿದೆ. ಅವಳು ಒಲೆ ಹೊತ್ತಿಸಿಟ್ಟು ಬೀದಿಗೆ ಹೋದ ದಿನ ನೀನು ಆರೈಕೆ ಕೇಂದ್ರದ ಮಾತೆತ್ತಿದೆ, ನಾನು ಹಟ ಹಿಡಿದೆ, ಕೊನೆಗೆ ತೀರ್ಮಾನ ಹೇಳಿದವಳು ಅವಳೇ: ದಿನಾ ಬೆಳಿಗ್ಗೆ ನನ್ನ ಸಂಖ್ಯೆ ಕೇಳಿ, ತಪ್ಪಿದ ದಿನ ಕಳಿಸಿಬಿಡಿ. ಮೂವತ್ತು ವರ್ಷ ಅವಳು ತರಗತಿಯಲ್ಲಿ ಕೊಂಡಾಡಿದ ಸಂಖ್ಯೆ ಅದು. ಅರವತ್ತೊಂದು ಎರಡುಗಳನ್ನು ಒಂದಕ್ಕೊಂದು ಗುಣಿಸಿ ಒಂದು ಕಳೆದರೆ ಸಿಗುವ ಹತ್ತೊಂಬತ್ತು ಅಂಕಿ. ಅವಿಭಾಜ್ಯ. ಮದುವೆಯಾದ ಹೊಸದರಲ್ಲಿ ಅವಳು ನನ್ನಂಥ ದರ್ಜಿಗೆ ಬಿಡಿಸಿ ಹೇಳಿದ ಹಾಗೆ, ಇಬ್ಬರಿಗೋ ಏಳು ಜನರಿಗೋ ಸಮನಾಗಿ ಕತ್ತರಿಸಲು ಹೋದರೆ ಚೂರು ಉಳಿದೇ ಉಳಿಯುವ ಬಟ್ಟೆ. ಅಂಥ ಬಟ್ಟೆ ನಮ್ಮ ಅಂಗಡಿಗೆ ಬೇಡಮ್ಮ ಎಂದು ರೇಗಿಸಿದ್ದೆ. ಈಗ ಅಳತೆ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ: ೨೩೦೫೮೪೩೦೦೯೨೧೩೬೯೩೯೫೧. ಅವಳು ತಲೆ ಬಾಚಿಕೊಳ್ಳುತ್ತಾ ಹೇಳುತ್ತಾಳೆ, ನಾನು ಬೆರಳಿಟ್ಟು ನೋಡುತ್ತೇನೆ. ಕಳೆದ ಏಳೂ ದಿನ ಸರಿ. ನೀನು ಚಿಂತೆ ಹಚ್ಚಿಕೊಳ್ಳಬೇಡ.

ಅಳಿಯಂದಿರಿಗೆ ನನ್ನ ನೆನಪು ಹೇಳು. ನಿಮ್ಮಿಬ್ಬರ ಮನೆ ತಣ್ಣಗಿರಲಿ.

ನಿನ್ನ ಅಪ್ಪ

ವಿ.ಸೂ.: ಲಕೋಟೆ ಅಂಟಿಸಲು ಮನಸ್ಸು ಒಪ್ಪುತ್ತಿಲ್ಲ. ಮೇಲೆ ಬರೆದದ್ದು ಸುಳ್ಳು. ಎರಡು ತಿಂಗಳಿಂದ ಅವಳು ಒಂದು ದಿನವೂ ಸರಿಯಾಗಿ ಹೇಳಿಲ್ಲ, ನಡುವಿನ ಅಂಕಿಗಳು ಹಿಂದುಮುಂದಾಗುತ್ತವೆ. ನಿನಗೂ ಅವಳಿಗೂ ನಾನು ಸರಿ, ಸರಿ ಎನ್ನುತ್ತಾ ಬಂದೆ. ಅವಳಿಲ್ಲದ ಮನೆಯಲ್ಲಿ ನಾನು ಹೇಗಿರಲಿ, ಹೇಳು. ಇವತ್ತು ಬೆಳಿಗ್ಗೆ ಕೊನೆಯ ಒಂದನ್ನು ಬಿಟ್ಟು ಐದಕ್ಕೇ ನಿಲ್ಲಿಸಿದಳು. ಸರಿ ಎಂದೆ. ಬಾಚಣಿಗೆ ಕೆಳಗಿಟ್ಟು ನನ್ನನ್ನೇ ನೋಡಿದಳು. "ಐದರಲ್ಲಿ ಮುಗಿದ್ರೆ ಐದರಿಂದ ಭಾಗ ಆಗುತ್ತಲ್ರೀ, ಅವಿಭಾಜ್ಯ ಹೇಗಾಗುತ್ತೆ? ಎಷ್ಟು ದಿನದಿಂದ ಹೀಗೆ ಸರಿ ಅಂತಿದ್ದೀರಿ?" ನಾನು ಅಳತೆ ಪುಸ್ತಕ ಮುಚ್ಚಿಟ್ಟೆ. ಅವಳು ಬಯ್ಯಲಿಲ್ಲ. ಈಗ ತನ್ನ ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದಾಳೆ. ಆ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬಿಟ್ಟುಬರಲು ನನ್ನಿಂದಾಗದು. ಈ ಕಾಗದ ಕೈಸೇರಿದ ಕೂಡಲೇ ಹೊರಡು ಗುಬ್ಬಿ. ತಾನೇ ತೀರ್ಮಾನಿಸಿ ಹೊರಟವಳು ಎಂಬುದು ಅವಳಿಗೆ ನೆನಪಿರುವಾಗಲೇ ಬಾ.