ತೋಟಗಾರನ ತಲೆಗೆ ಕಟ್ಟಿದ ಕೊಲೆ

ತರಬೇತಿ ಹಾಸ್ಟೆಲ್, ಮೂರನೇ ಮಹಡಿ
ಮಂಗಳವಾರ, 13ನೇ ತಾರೀಖು

ಪ್ರೀತಿಯ ಅತ್ತೆಗೆ ನಮಸ್ಕಾರ.

ನಾನಿಲ್ಲಿ ಚೆನ್ನಾಗಿದ್ದೇನೆ. ನಿಮ್ಮ ಎಡಗಣ್ಣು ಪೂರ್ತಿ ವಾಸಿಯಾಗಿದೆ, ಹೊಸ ಕನ್ನಡಕ ಬಂದಿದೆ ಎಂದು ನಿಮ್ಮ ಮಗ ಫೋನಿನಲ್ಲಿ ಹೇಳಿದರು. ಕೇಳಿ ಎಷ್ಟು ಸಂತೋಷವಾಯಿತೋ ಅಷ್ಟೇ ಭಯವೂ ಆಯಿತು. ಯಾಕೆಂದರೆ ಈ ಭಾನುವಾರ ನೀವು ಗ್ರಂಥಾಲಯದ ಓದುಗರ ಸಭೆಗೆ ಹೋಗುತ್ತೀರಂತೆ. ಈ ಸಲ ಚರ್ಚೆಗೆ ಇಟ್ಟಿರುವುದು ನಾನು ನಿಮಗೆ ಓದಿ ಹೇಳಿದ ಆ ಪತ್ತೇದಾರಿ ಕಾದಂಬರಿ. ಯಾರ ಬಾಯಿಂದಲೋ ಕೇಳುವ ಮೊದಲು ನನ್ನಿಂದಲೇ ಕೇಳಿಬಿಡಿ: ಅದರ ಕೊನೆಯನ್ನು ನಾನು ನಿಮಗೆ ಸುಳ್ಳು ಓದಿದೆ. ಕೊಲೆ ಮಾಡಿದ್ದು ತೋಟಗಾರನಲ್ಲ.

ಇದನ್ನು ಫೋನಿನಲ್ಲೇ ಹೇಳಲು ಮೂರು ಸಲ ಪ್ರಯತ್ನಪಟ್ಟೆ. ನೀವು 'ಹೂಂ, ಹೇಳು' ಅನ್ನುತ್ತೀರಿ, ನಾನು 'ಊಟ ಆಯ್ತಾ ಅತ್ತೆ' ಅನ್ನುತ್ತೇನೆ, ಅಲ್ಲಿಗೆ ಮುಗಿಯಿತು. ಬಸ್ ನಿಲ್ದಾಣದಲ್ಲಿ ದಿನಕ್ಕೆ ಎಂಟು ಗಂಟೆ ಮೈಕಿನ ಮುಂದೆ ಕೂತು ಸಾವಿರಾರು ಜನಕ್ಕೆ ಬಸ್ಸಿನ ವೇಳೆ ಹೇಳುವವಳಿಗೆ ನಿಮ್ಮೊಬ್ಬರ ಮುಂದೆ ನಾಲಿಗೆ ಏಳುವುದಿಲ್ಲ. ಅದಕ್ಕೇ ಈ ಕಾಗದ.

ಮೊದಲಿನಿಂದ ಹೇಳುತ್ತೇನೆ. ಆಪರೇಷನ್ನಿಗೆ ಎರಡು ದಿನ ಮುಂಚೆ ನೀವು ಪಕ್ಕದ ಮನೆಯ ಟೀಚರಮ್ಮನ ಹತ್ತಿರ ಆಡಿದ ಮಾತು ಅಡುಗೆಮನೆಯ ಕಿಟಕಿಯಲ್ಲಿ ನನಗೆ ಕೇಳಿತ್ತು. 'ಕಣ್ಣಿಗೆ ಔಷಧೀನ ಅವಳ ಕೈಲಿ ಮಾತ್ರ ಹಾಕಿಸ್ಕೊಳ್ಳಲ್ಲ ಕಣ್ರೀ, ಬೇರೆ ಯಾರಾದ್ರೂ ಆಗ್ಲಿ' ಅಂದಿರಿ. ಬೇಸರವಾಯಿತು, ಆಶ್ಚರ್ಯವಾಗಲಿಲ್ಲ. ಮದುವೆಯಾಗಿ ನಾಲ್ಕು ವರ್ಷವಾದರೂ ನಿಮ್ಮ ಹೊಲಿಗೆ ಮೆಷಿನ್ನಿನ ಪಕ್ಕದ ದೊಡ್ಡ ಕತ್ತರಿಯನ್ನು ನಾನು ಮುಟ್ಟುವ ಹಾಗಿಲ್ಲ. ಒಮ್ಮೆ ಹಾಲಿನ ಪ್ಯಾಕೆಟ್ ಕತ್ತರಿಸಿದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದಿರಿ. ನಾನು ಯಾವ ಬಟ್ಟೆ ಕೊಂಡು ತಂದರೂ ಮೊದಲು ಒಳಮಗ್ಗಲು ತಿರುಗಿಸಿ ಹೊಲಿಗೆ ನೋಡುತ್ತೀರಿ, ಹೊರಗಿನ ಬಣ್ಣ ನೋಡುವುದು ಆಮೇಲೆ. ಮೂವತ್ತು ವರ್ಷ ಟೈಲರಿಂಗ್ ಮಾಡಿದವರ ಕಣ್ಣು, ಇರಲಿ. ಆದರೆ ಕತ್ತರಿ ಕೊಡದವರು ಕಣ್ಣು ಕೊಡುತ್ತಾರೆಯೇ ಎಂದುಕೊಂಡೆ.

ಆಮೇಲೆ ನಿಮ್ಮ ಮಗ ಮೊದಲ ಹನಿಯನ್ನು ನಿಮ್ಮ ಮೂಗಿಗೂ ಎರಡನೆಯದನ್ನು ಕಿವಿಗೂ ಹಾಕಿದರಲ್ಲ, ಬೇರೆ ದಾರಿಯಿಲ್ಲದೆ ನನ್ನನ್ನು ಕೂಗಿದಿರಿ. ನಿಮ್ಮ ಕೆಳರೆಪ್ಪೆಯನ್ನು ಬೆರಳಲ್ಲಿ ಎಳೆದು ಹನಿ ಹಾಕಿದೆ. ನಾಲ್ಕು ವರ್ಷದಲ್ಲಿ ನಾನು ನಿಮ್ಮ ಮುಖ ಮುಟ್ಟಿದ್ದು ಅದೇ ಮೊದಲು.

ದಿನಕ್ಕೆ ನಾಲ್ಕು ಸಲ, ಎರಡು ಸೀಸೆ, ನಡುವೆ ಹತ್ತು ನಿಮಿಷ ಬಿಡಬೇಕು. ಮೊದಲ ದಿನ ಆ ಹತ್ತು ನಿಮಿಷ ಇಬ್ಬರೂ ಗಡಿಯಾರದ ಸದ್ದು ಕೇಳುತ್ತ ಕೂತಿದ್ದೆವು. ಮಾರನೆಯ ದಿನ ನೀವು ಗ್ರಂಥಾಲಯದಿಂದ ತಂದಿಟ್ಟಿದ್ದ ಆ ಪುಸ್ತಕ ತೆಗೆದೆ. 'ಅದು ಬೇಡ, ಬೇರೆ ಏನಾದ್ರೂ ಓದು' ಅಂದಿರಿ. ಸಭೆಗೆ ಬೇಕಲ್ಲ ಎಂದು ನಾನೇ ಹಟ ಹಿಡಿದೆ. ಎರಡು ಪುಟ ಓದುವಷ್ಟರಲ್ಲಿ ನೀವು ನಕ್ಕುಬಿಟ್ಟಿರಿ. 'ಹೆಣ ಸಿಕ್ತು ಅನ್ನೋದನ್ನ ಬಸ್ಸು ಬಂತು ಅನ್ನೋ ಹಾಗೆ ಓದ್ತೀಯಲ್ಲೇ, ನಿಲ್ದಾಣ!' ಅಂದಿರಿ. ಅಂದಿನಿಂದ ನನಗೆ ಅದೇ ಹೆಸರು. ಡ್ಯೂಟಿ ಮುಗಿಸಿ ನಾನು ಓಡಿ ಬರುತ್ತಿದ್ದುದು ಆ ಹತ್ತು ನಿಮಿಷಕ್ಕಾಗಿ ಅತ್ತೆ. ಅದಕ್ಕೆ ನಾನು ನಿಮಗೆ ಎಷ್ಟು ಋಣಿ ಎಂದು ಹೇಳಲು ನನಗೆ ಬರುವುದಿಲ್ಲ.

ಕೊನೆಯ ಅಧ್ಯಾಯದ ಸಂಜೆ ನೆನಪಿದೆಯಲ್ಲ. ಮೊದಲ ಸೀಸೆ ಹಾಕಿಯಾಗಿತ್ತು. ಅಂಗಿ ಗುಂಡಿ ಕಾರ್ಖಾನೆಯ ಮುದಿ ಯಜಮಾನಿಯನ್ನು ಕೊಂದವರು ಯಾರು ಎಂದು ಪತ್ತೇದಾರ ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಲು ಶುರುಮಾಡಿದ್ದ. ಮೈಕಿನಲ್ಲಿ ಓದುವವರಿಗೆ ಕಣ್ಣು ಯಾವಾಗಲೂ ಬಾಯಿಗಿಂತ ಎರಡು ಸಾಲು ಮುಂದಿರುತ್ತದೆ. ಹಾಗೆ ಮುಂದೆ ಹೋದ ಕಣ್ಣಿಗೆ ಕಂಡಿತು: ಕೊಂದವಳು ಸೊಸೆ. ಹಗಲಿರುಳು ಸೇವೆ ಮಾಡಿದ, ಯಾರೂ ಅನುಮಾನಪಡದ ಸೊಸೆ. ವಿಷ ಬೆರೆಸಿದ್ದು ಅತ್ತೆಯ ಕಣ್ಣಿನ ಔಷಧಿಯಲ್ಲಿ. ಆಗ ನನ್ನ ಕೈಯಲ್ಲಿ ನಿಮ್ಮ ಎರಡನೆಯ ಸೀಸೆ ಇತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕಥೆ. ಇದನ್ನು ಓದಿ ಹೇಳಿ, ಆಮೇಲೆ 'ಕಣ್ಣು ಬಿಡಿ ಅತ್ತೆ' ಅನ್ನುವುದು ಹೇಗೆ? ಬಾಯಿಗೆ ಬಂದವನು ತೋಟಗಾರ. ಅವನು ಮೂವತ್ತು ವರ್ಷ ಸಾಕಿದ ಮರವನ್ನು ಯಜಮಾನಿ ಕಡಿಸಿದಳು, ಅದಕ್ಕೇ ಅವನು ಕುಡಿಯುವ ನೀರಿಗೆ ವಿಷ ಹಾಕಿದ ಎಂದು ಪುಟ ತಿರುಗಿಸದೆಯೇ ಹೇಳುತ್ತಾ ಹೋದೆ. ಎರಡನೆಯ ಸೀಸೆಯ ಹನಿ ಕಣ್ಣಲ್ಲಿ ನಿಲ್ಲದೆ ಕೆನ್ನೆಗೆ ಹರಿದುಹೋಯಿತು. ಔಷಧಿ ಉರಿ ಅಂದಿರಿ. ಮತ್ತೆ ಹಾಕಿದೆ.

ಮುಂದಿನ ತಿಂಗಳು ನಿಮ್ಮ ಬಲಗಣ್ಣಿನ ಆಪರೇಷನ್. ಸುಳ್ಳು ಓದಿದವಳ ಕೈಗೆ ಇನ್ನೊಂದು ಕಣ್ಣು ಕೊಡಲು ನಿಮಗೆ ಮನಸ್ಸು ಬಾರದಿದ್ದರೆ ಬೇರೆ ಯಾರನ್ನಾದರೂ ಗೊತ್ತುಮಾಡಿಕೊಳ್ಳಿ. ಬೇಸರವಿಲ್ಲ ಎಂದು ಬರೆದರೆ ಅದು ಎರಡನೆಯ ಸುಳ್ಳಾಗುತ್ತದೆ, ಬರೆಯುವುದಿಲ್ಲ.

ನಿಮ್ಮ ಸೊಸೆ

ಮರೆತಿದ್ದೆ: ಪಾಪ, ಆ ತೋಟಗಾರ ಇಡೀ ಪುಸ್ತಕದಲ್ಲಿ ಬರುವುದು ಒಂದೇ ಸಲ. ಮೂರನೇ ಅಧ್ಯಾಯದಲ್ಲಿ ಗೇಟು ತೆಗೆದು ಹೋಗುತ್ತಾನೆ.

———

ಮನೆಯಿಂದ
ಸೋಮವಾರ, 19ನೇ ತಾರೀಖು

ಚಿ. ಸೌ. ನಿಲ್ದಾಣಕ್ಕೆ ಅತ್ತೆಯ ಆಶೀರ್ವಾದ.

ನಿನ್ನ ಕಾಗದ ಶನಿವಾರ ಬಂತು. ಕನ್ನಡಕ ಬಂದ ಮೇಲೆ ನಾನು ಓದಿದ ಮೊದಲ ಕಾಗದ. ನಿನ್ನ ಒತ್ತಕ್ಷರಗಳು ಇಷ್ಟು ಚಿಕ್ಕವು ಎಂದು ಈಗ ಗೊತ್ತಾಯಿತು. ಮೊನ್ನೆ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿದೆ. ಎರಡು ವರ್ಷದಿಂದ ಆಗದ ಕೆಲಸ. ನಿಜವಾಗಿಯೂ ಒಳಗೆ ಹೋಯಿತೋ ಇಲ್ಲವೋ ಎಂದು ದಾರ ಎಳೆದು ನೋಡಿದೆ, ಹೋಗಿತ್ತು. ಡಾಕ್ಟರು ಕೆಲಸ ಮಾಡಿದ್ದು ಕಾಲು ಗಂಟೆ, ಆಮೇಲೆ ಆ ಕಣ್ಣನ್ನು ಕಾಪಾಡಿದ್ದು ನೀನು, ನಲವತ್ತು ದಿನ. ಮುಖ ನೋಡಿ ಇಂಥ ಮಾತು ಹೇಳುವ ಅಭ್ಯಾಸ ನನಗಿಲ್ಲ, ಕಾಗದದಲ್ಲಿ ಹೇಳಿದ್ದೇನೆ, ಬಂದ ಮೇಲೆ ಇನ್ನೊಂದು ಸಲ ಹೇಳಿಸಬೇಡ.

ನೀನು ಒಪ್ಪಿಕೊಂಡ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಸಭೆ.

ಯಾವ ಪುಸ್ತಕಕ್ಕೂ ಹತ್ತು ಜನ ಬಾರದ ಸಭೆಗೆ ನಿನ್ನೆ ಕೂರಲು ಕುರ್ಚಿ ಸಾಲದೆ ಮಕ್ಕಳ ವಿಭಾಗದ ಬೆಂಚು ಎಳೆದು ತಂದರು. ಒಬ್ಬೊಬ್ಬರದೂ ಒಂದೊಂದು ರಾಗ. ಕೋರ್ಟಿನ ಹಳೆ ಗುಮಾಸ್ತರು ಎದ್ದು ನಿಂತು, ಇದು ಬೆಟ್ಟ ಅಗೆದು ಇಲಿ ಹಿಡಿದ ಕೆಲಸ, ಮುನ್ನೂರು ಪುಟದಲ್ಲಿ ಆ ಸೊಸೆಯ ಮೇಲೆ ಒಂದು ಸುಳಿವನ್ನೂ ಕೊಡದೆ ಕೊನೆಯಲ್ಲಿ ತಲೆಗೆ ಕಟ್ಟಿದ್ದಾರೆ, ಓದುಗರಿಗೆ ಮಾಡಿದ ಮೋಸ ಎಂದರು. ಹೋದ ತಿಂಗಳು ಮದುವೆಯಾದ ಆ ಹುಡುಗಿ ಮಾತ್ರ, ಇಲ್ಲ, ಸೊಸೆ ಎಂದು ಗೊತ್ತಾದಾಗ ನನಗೆ ಮೈ ಜುಮ್ಮೆಂದಿತು, ತಕ್ಷಣ ಮೊದಲಿನಿಂದ ಇನ್ನೊಮ್ಮೆ ಓದಿದೆ ಎಂದಳು. ಅವಳ ಅತ್ತೆ ಪಕ್ಕದಲ್ಲೇ ಕೂತಿದ್ದರು. ಔಷಧಿ ಅಂಗಡಿಯವರು ಕಣ್ಣಿನ ಹನಿಯಿಂದ ಅಷ್ಟು ಬೇಗ ಜೀವ ಹೋಗುವುದಿಲ್ಲ ಎಂದು ಲೆಕ್ಕ ಹಾಕಿ ತೋರಿಸಿದರು. ದಿನಸಿ ಅಂಗಡಿಯವರು, 'ನಂಗೆ ನಲವತ್ತನೇ ಪುಟದಲ್ಲೇ ಗೊತ್ತಾಗೋಯ್ತು' ಎಂದರು. ಅವರಿಗೆ ಎಲ್ಲ ಪುಸ್ತಕವೂ ನಲವತ್ತನೇ ಪುಟದಲ್ಲೇ ಗೊತ್ತಾಗುತ್ತದೆ.

ಆಮೇಲೆ ನಮ್ಮ ಟೀಚರಮ್ಮ. ಅವರಿಗೆ ಪುಸ್ತಕ ಬಹಳ ಹಿಡಿಸಿದೆ. 'ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಚೆನ್ನಾಗಿ ತೋರ್ಸಿದ್ದಾರೆ. ನಾನಂತೂ ಇನ್ಮೇಲೆ ನನ್ನ ಮಾತ್ರೆ ನಾನೇ ಎಣಿಸಿ ತಗೊಳ್ತೀನಿ' ಎಂದು ಹೇಳಿ ನನ್ನ ಕಡೆ ತಿರುಗಿದರು. 'ನಿಮ್ಗೂ ಸೊಸೇನೇ ಅಲ್ವೇನ್ರೀ ಕಣ್ಣಿಗೆ ಹಾಕಿದ್ದು? ಗುಂಡಿಗೆ ಗಟ್ಟಿ ಬಿಡಿ ನಿಮ್ದು!' ಎಲ್ಲರೂ ನಕ್ಕರು. ತಮಾಷೆಯ ಮಾತೇ, ನನಗೂ ಗೊತ್ತು. ಆದರೂ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು.

ಎದ್ದು ನಿಂತೆ. ನಾನು ಕೇಳಿದ ಪುಸ್ತಕದಲ್ಲಿ ಕೊಂದವನು ತೋಟಗಾರ ಎಂದೆ. ಸಭೆ ಗೊಳ್ಳೆಂದಿತು. ಗ್ರಂಥಪಾಲಕರು ಪಾಪ ಪುಸ್ತಕ ತಂದು ಕೊನೆಯ ಪುಟ ತೆರೆದು ನನ್ನ ಕೈಗಿಟ್ಟರು. ಮುಚ್ಚಿ ವಾಪಸು ಕೊಟ್ಟೆ. ನಿಮ್ಮ ಪ್ರತಿಯಲ್ಲಿ ಹಾಗಿರಬಹುದು, ನಮ್ಮ ಮನೆಯಲ್ಲಿ ಓದಿದ್ದು ಹೀಗೆ ಎಂದು ಶುರುಮಾಡಿದೆ. ಮರ ನೆಟ್ಟಿದ್ದು, ಅದರ ನೆರಳಲ್ಲಿ ಅವನು ಬುತ್ತಿ ಬಿಚ್ಚುತ್ತಿದ್ದುದು, ಅವನನ್ನೊಂದು ಮಾತೂ ಕೇಳದೆ ಯಜಮಾನಿ ಗರಗಸದವರನ್ನು ಕರೆಸಿದ್ದು, ಎಲ್ಲ ಹೇಳಿದೆ. ಬುತ್ತಿ ನೀನು ಹೇಳಿದ್ದೋ ನಾನು ಸೇರಿಸಿದ್ದೋ ಈಗ ನೆನಪಿಲ್ಲ.

ಆಮೇಲೆ ಶುರುವಾಯಿತು ನೋಡು. ಸಭೆ ಎರಡು ಭಾಗವಾಯಿತು. ಗುಮಾಸ್ತರು ಪೂರ್ತಿ ನಮ್ಮ ಕಡೆ. 'ಇದು ನ್ಯಾಯ! ಸುಳಿವೂ ಇದೆ, ಮೂರನೇ ಅಧ್ಯಾಯದಲ್ಲಿ ಗೇಟು ತೆಗೀತಾನಲ್ಲ!' ಎಂದು ಮೇಜು ಗುದ್ದಿದರು. ಔಷಧಿ ಅಂಗಡಿಯವರು ನೀರಿಗಾದರೆ ವಿಷ ಸರಿಯಾಗಿ ಕೆಲಸ ಮಾಡುತ್ತದೆ ಎಂದು ಒಪ್ಪಿದರು. ಹೊಸ ಮದುಮಗಳು, ಮೂಲದ್ದೇ ಚೆನ್ನ, ಇದರಲ್ಲಿ ಭಯವೇ ಇಲ್ಲ ಎಂದು ಕೊನೆಯವರೆಗೂ ಪಟ್ಟು ಬಿಡಲಿಲ್ಲ. ಗ್ರಂಥಪಾಲಕರು ಅದೂ ಸರಿ ಇದೂ ಸರಿ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ದಿನಸಿ ಅಂಗಡಿಯವರು ನನ್ನ ಹತ್ತಿರ ಬಂದು, ನಲವತ್ತನೇ ಪುಟದಲ್ಲಿ ತಮಗೆ ಅನುಮಾನ ಬಂದದ್ದು ತೋಟಗಾರನ ಮೇಲೇ ಎಂದು ಪಿಸುಗುಟ್ಟಿದರು.

ಇದನ್ನ ಬರೆದೋರು ಯಾರು ಎಂದು ಯಾರೋ ಹಿಂದಿನಿಂದ ಕೇಳಿದರು. 'ನನ್ನ ಸೊಸೆ. ಬಸ್ ನಿಲ್ದಾಣದಲ್ಲಿ ವೇಳೆ ಹೇಳ್ತಾಳಲ್ಲ, ಆ ದನಿ' ಎಂದೆ. ಆ ದನಿ ಎಲ್ಲರಿಗೂ ಗೊತ್ತು. ಟೀಚರಮ್ಮ ಟೀ ಕುಡಿಯುವಾಗ ತಾವಾಗಿಯೇ ಬಂದು ನನ್ನ ಕೈ ಹಿಡಿದುಕೊಂಡರು. ಬಲಗಣ್ಣಿಗೆ ಬೇಕಾದರೆ ಮನೆಗೇ ಬರುವ ನರ್ಸನ್ನು ಗೊತ್ತುಮಾಡಿಕೊಡುತ್ತೇನೆ ಎಂದರು, ಒಳ್ಳೆಯ ಮನಸ್ಸಿನಿಂದಲೇ. ಬೇಡ ಎಂದೆ. ನೀನು ತರಬೇತಿ ಮುಗಿಸಿ ಮುಂದಿನ ತಿಂಗಳು ಏಳನೇ ತಾರೀಖಿಗೆ ಬರುತ್ತೀಯಲ್ಲ. ಡಾಕ್ಟರು ಆಪರೇಷನ್ನಿಗೆ ನಾಲ್ಕನೇ ತಾರೀಖಿಗೆ ಬನ್ನಿ ಎಂದಿದ್ದರು, ನಾನು ಒಂಬತ್ತಕ್ಕೆ ಬದಲಾಯಿಸಿಕೊಂಡು ಬಂದಿದ್ದೇನೆ. ಈ ಸಲದ ಪುಸ್ತಕ ನೀನೇ ಆರಿಸು.

ನಿನ್ನ ಅತ್ತೆ

ಕೊನೆಗೆ: ಆಮೇಲೆ ಬರುತ್ತೇನೆ ಎಂದು ಹೇಳಿ ಇಲ್ಲಿಯವರೆಗೆ ತಪ್ಪಿಸಿಕೊಂಡೆ. ಬಟ್ಟೆಯ ಒಳಮಗ್ಗಲು ಮೊದಲು ನೋಡುವವಳು ಪುಸ್ತಕವನ್ನು ಬಿಡುತ್ತಾಳೆಯೇ? ಪತ್ತೇದಾರಿ ಕಾದಂಬರಿ ಕೈಗೆ ಬಂದರೆ ನಾನು ಮೊದಲು ಓದುವುದು ಕೊನೆಯ ಅಧ್ಯಾಯವನ್ನೇ. ಆ ಪುಸ್ತಕ ತಂದ ಸಂಜೆಯೇ ಭೂತಗನ್ನಡಿ ಹಿಡಿದು ಅಷ್ಟನ್ನು ಓದಿದ್ದೆ. ನಿನ್ನ ಕೈಲಿ ಔಷಧಿ ಹಾಕಿಸಿಕೊಳ್ಳುವುದಿಲ್ಲ ಎಂದು ಟೀಚರಮ್ಮನ ಹತ್ತಿರ ಆಡಿದ್ದು ಮಾರನೆಯ ದಿನ. ಅರವತ್ತೆಂಟು ವರ್ಷದವಳ ಬುದ್ಧಿ ಇಷ್ಟು, ಕ್ಷಮಿಸು. ಮೊದಮೊದಲು ನೀನು ಸೀಸೆ ಹಿಡಿದು ಬಗ್ಗಿದಾಗಲೆಲ್ಲ ಆ ಪುಸ್ತಕದ ಸೊಸೆಯೇ ನೆನಪಿಗೆ ಬರುತ್ತಿದ್ದಳು. ಅದು ಯಾವತ್ತು ನಿಂತಿತೋ ನನಗೇ ಗೊತ್ತಾಗಲಿಲ್ಲ. ಆ ಸಂಜೆ ಸೊಸೆಯ ಹೆಸರು ಬರುತ್ತದೆ, ನೀನು ಹೇಗೆ ಓದುತ್ತೀಯೋ ಎಂದು ಕಾಯುತ್ತ ಮಲಗಿದ್ದೆ. ತೋಟಗಾರ ಬಂದ. ಎರಡನೆಯ ಸೀಸೆಯ ಹನಿ ನಿಲ್ಲದಿದ್ದುದು ಔಷಧಿಯ ಉರಿಗಲ್ಲ, ಕಣ್ಣು ಮೊದಲೇ ತುಂಬಿತ್ತು. ಸುಳ್ಳು ನಿನ್ನದೊಂದು, ನನ್ನದೊಂದು. ಸರಿಹೋಯಿತು.

ಇನ್ನೊಂದು ಮಾತು: ಕಣ್ಣು ಕೊಟ್ಟಳು ಎಂದು ಬಂದವಳೇ ಕತ್ತರಿ ಮುಟ್ಟಬೇಡ.