ಅನುಭವಕ್ಕಾಗಿ ನನ್ನ ಮದುವೆ

ಬಹು ಅನುಭವಸ್ಥರಾದ ಮಾನ್ಯ ಆರೋಗ್ಯಾಧಿಕಾರಿಗಳೇ,

ತಮ್ಮ ಬಾಯಿಂದ ಬಿದ್ದ ಒಂದೇ ಒಂದು ಮಾತಿನಿಂದಾಗಿ ನನ್ನ ಮದುವೆ ಗೊತ್ತಾಗುತ್ತಿದೆ. ವರನನ್ನು ತಾವು ಕಂಡವರಲ್ಲ, ನನ್ನನ್ನೂ ತಲೆಯೆತ್ತಿ ನೋಡಿದವರಲ್ಲ. ಆದರೂ ಈ ಸಂಬಂಧ ಕುದುರಿಸಿದವರು ತಾವೇ. ಇದನ್ನು ತಮಗೆ ಖಾಸಗಿಯಾಗಿ ತಿಳಿಸಬಹುದಿತ್ತು. ಬಡವರ ಪತ್ರಕ್ಕೆ ಉತ್ತರಿಸುವ ಕೆಟ್ಟ ಚಟ ತಮ್ಮ ಕಚೇರಿಗೆ ಇಲ್ಲವಾದ್ದರಿಂದ ಪತ್ರಿಕೆಯವರ ಕಾಲು ಹಿಡಿದಿದ್ದೇನೆ.

ನಾನು ಈ ವರ್ಷ, ೧೯೮೩ರಲ್ಲಿ, ನರ್ಸಿಂಗ್ ಪಾಸು ಮಾಡಿದವಳು. ಕೂಡ್ಲಿಗಿ ತಾಲ್ಲೂಕಿನ ನಮ್ಮೂರ ಆರೋಗ್ಯ ಕೇಂದ್ರದಲ್ಲಿ ಖಾಲಿ ಇರುವ ನರ್ಸ್ ಹುದ್ದೆಗೆ ತಾವು ಸಂದರ್ಶನಕ್ಕೆ ಕರೆದಿರಿ. ನನ್ನ ಅಪ್ಪ ಗಾದಿಲಿಂಗಪ್ಪ ಕುರಿ ಸಾಕುವವನು. ಅಂದು ಕುರಿಗಳನ್ನು ಅವ್ವನಿಗೆ ಒಪ್ಪಿಸಿ, ಒಗೆದ ರುಮಾಲು ಸುತ್ತಿಕೊಂಡು ನನ್ನ ಜೊತೆ ಬಂದ. ತಮ್ಮ ಕೋಣೆಯ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಅನುಭವ ಇದೆಯೇ ಎಂದು ತಾವು ಕೇಳಿದಿರಿ. ಕಲಿಯುವಾಗ ಹೆರಿಗೆ ವಾರ್ಡಿನಲ್ಲಿ ದುಡಿದದ್ದನ್ನು ಹೇಳಹೋದರೆ ಅದು ಲೆಕ್ಕಕ್ಕಿಲ್ಲ ಎಂದಿರಿ. "ಮೊದಲು ಅನುಭವ ಮಾಡಿಕೊಂಡು ಬಾಮ್ಮ, ಆಮೇಲೆ ನೋಡೋಣ" ಎಂದು ಕೈಬೀಸಿ ಕಳಿಸಿದಿರಿ.

ಅಪ್ಪಣೆಯಂತೆ ಅನುಭವ ಹುಡುಕಲು ಹೊರಟೆ. ಕೊಟ್ಟೂರಿನಲ್ಲಿ ಸಿಗದ ವಸ್ತುವಿಲ್ಲ ಎನ್ನುತ್ತಾರೆ, ಇದೊಂದು ಸಿಗಲಿಲ್ಲ. ಅಲ್ಲಿನ ಒಬ್ಬ ಖಾಸಗಿ ಡಾಕ್ಟರು, ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರನ್ನು ಮಾತ್ರ ತೆಗೆದುಕೊಳ್ಳುತ್ತಾರಂತೆ. ಹಗರಿಬೊಮ್ಮನಹಳ್ಳಿಯ ಇನ್ನೊಬ್ಬ ಡಾಕ್ಟರಿಗೆ, ರೋಗಿಗಳಿಗೆ ಇಂಜೆಕ್ಷನ್ ಕೊಟ್ಟು, ಬಿಡುವಿನಲ್ಲಿ ಅವರ ಮನೆಯ ರೊಟ್ಟಿಯನ್ನೂ ಬಡಿಯುವವಳು ಬೇಕಿತ್ತು. ರೊಟ್ಟಿಯ ಅನುಭವ ನನಗೆ ಬೇಕಾದಷ್ಟಿತ್ತು, ಸರ್ಟಿಫಿಕೇಟು ಇರಲಿಲ್ಲ. ಹರಪನಹಳ್ಳಿಯವರು, ನೀನು ಮದುವೆಯಾದ ಮೇಲೆ ಬಿಟ್ಟು ಹೋಗುತ್ತೀ ಎಂದರು. ಬಸ್ಸಿನ ಕಂಡಕ್ಟರುಗಳಿಗೆಲ್ಲ ನನ್ನ ಗುರುತಾಯಿತು. ಅದನ್ನು ಅನುಭವ ಎಂದು ಪರಿಗಣಿಸುವ ಸರ್ಕಾರಿ ಆದೇಶ ಏನಾದರೂ ಇದೆಯೇ, ಮಾನ್ಯರೇ?

ಇನ್ನು ಮದುವೆಯ ವಿಷಯ. ನಮ್ಮ ಕೇರಿಯಲ್ಲಿ ಹೆರಿಗೆಯ ಮಾತು ಬಂದಾಗ 'ಆಕಿಗೆ ಅನುಭವ ಐತಿ' ಎಂದರೆ ಆಕೆ ಹೆತ್ತವಳು ಎಂದೇ ಅರ್ಥ. ತಾವು ನನಗೆ ಏನು ಮಾಡಿಕೊಂಡು ಬರಲು ಹೇಳಿದಿರೆಂದು ಅಪ್ಪ ತಿಳಿದ ಎಂಬುದನ್ನು ಈಗ ತಾವೇ ಊಹಿಸಬಹುದು. ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಕುರಿಹಟ್ಟಿಯಲ್ಲಿ ನನ್ನನ್ನು ಕೂರಿಸಿಕೊಂಡು ಬುದ್ಧಿ ಹೇಳಿದ.

"ಸಾಹೇಬ್ರು ಹೇಳಿದ್ರಾಗ ತಪ್ಪೇನೈತವ್ವ? ತಾನ ಹಡಿಯದಾಕಿ ಮಂದಿಗೆ ಹೆಂಗ ಹಡಸ್ತಾಳ? ಮೊದ್ಲು ಮದುವಿ ಆಗು. ಅನುಭವ ತಾನ ಬರ್ತೈತಿ."

ನನಗೆ ನಗು ಬಂತು, ಆಮೇಲೆ ಅಳು ಬಂತು. ಸಾಹೇಬರು ಕೇಳಿದ್ದು ಕೆಲಸದ ಅನುಭವ ಎಂದು ಬಿಡಿಸಿ ಹೇಳಿದೆ. ಅಪ್ಪ ನನ್ನನ್ನು ಕನಿಕರದಿಂದ ನೋಡಿದ.

"ಕೆಲಸಾನ ಕೊಡದೆ ಕೆಲಸದ ಅನುಭವ ಕೇಳ್ತಾರೇನು? ಅಷ್ಟು ಓದಿದ ಸಾಹೇಬ್ರು ಅಷ್ಟು ದಡ್ಡರದಾರೇನು?"

ತಮ್ಮ ಮಾನ ಕಾಪಾಡಲು ನನ್ನ ಅಪ್ಪ ನನ್ನನ್ನೇ ಧಾರೆ ಎರೆಯಲು ಹೊರಟಿದ್ದಾನೆ. ಹೆರಿಗೆ ಮಾಡಿಸುವ ಗಂಡಸು ಡಾಕ್ಟರುಗಳು ಎಷ್ಟು ಹೆತ್ತಿದ್ದಾರೆ ಎಂದು ಕೇಳಿದೆ. ಆತ ಎದ್ದುಹೋಗಿ ಕುರಿಗಳಿಗೆ ನೀರು ಕುಡಿಸಿದ. ಮಾನ್ಯರೇ, ತಾವಾದರೂ ಉತ್ತರಿಸಿ. ಕುರ್ಚಿಯಲ್ಲಿ ಕೂರುವ ಮೊದಲು ತಾವು ಆರೋಗ್ಯಾಧಿಕಾರಿಯಾಗಿ ಎಲ್ಲಿ ಅನುಭವ ಪಡೆದಿರಿ? ತೊಟ್ಟಿಲಲ್ಲೋ?

ಹುಡುಗ ಹಡಗಲಿ ಕಡೆಯವನು, ಉಚ್ಚಂಗೆಪ್ಪ ಎಂದು ಹೆಸರು, ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಕೆಟ್ಟವನೆಂದು ಹೇಳಲಾರೆ. ಆದರೆ ಸೊಸೆ ಆಸ್ಪತ್ರೆಗೆ ದುಡಿಯಲು ಹೋಗಕೂಡದು ಎಂದು ಅವನ ತಾಯಿ ಈಗಲೇ ಹೇಳಿಬಿಟ್ಟಿದ್ದಾಳೆ. ಅಂದರೆ ತಮ್ಮ ಕೆಲಸಕ್ಕೆ ಬೇಕಾದ ಅನುಭವ ಸಿಗುವ ಮನೆಯಲ್ಲಿ ಕೆಲಸ ನಿಷಿದ್ಧ. ಮಗು ಆಗಲಿ, ಆಮೇಲೆ ಬೀಗರಿಗೆ ತಿಳಿ ಹೇಳೋಣ ಎನ್ನುತ್ತಾನೆ ಅಪ್ಪ. ಅವರು ಕೇಳುವವರಲ್ಲ ಎಂದು ನನಗೆ ಗೊತ್ತು. ಇಷ್ಟು ಹೊತ್ತು ತಮಾಷೆ ಮಾಡಿದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿದೆ. ಓದಿದ್ದೆಲ್ಲ ಒಲೆಯ ಮುಂದೆ ಮರೆತುಹೋಗುತ್ತದೆ ಎಂಬ ಹೆದರಿಕೆ.

ಬರುವ ಸೋಮವಾರ ನಮ್ಮ ಮನೆಯಲ್ಲಿ ಮದುವೆ ನಿಶ್ಚಯದ ವೀಳ್ಯದ ಶಾಸ್ತ್ರ. ಅಷ್ಟರೊಳಗೆ ನೇಮಕದ ಆದೇಶ ಕೊಡಿ. ಅದು ಆಗದಿದ್ದರೆ ತಾವೇ ನಮ್ಮ ಮನೆಗೆ ಬಂದು, 'ಗಾದಿಲಿಂಗಪ್ಪ, ಕೆಲಸ ಕೊಡದೆ ಕೆಲಸದ ಅನುಭವ ಕೇಳಿದ್ದು ನಾನೇ' ಎಂದು ಸ್ವಂತ ಬಾಯಿಂದ ಹೇಳಿ. ನಾನು ಹೇಳಿದರೆ ಅವನು ನಂಬುವುದಿಲ್ಲ.

ಎರಡೂ ಆಗದಿದ್ದರೆ ಮುಂದಿನದು ಹೀಗೆ. ಚೊಚ್ಚಲ ಹೆರಿಗೆಗೆ ನಾನು ತವರಿಗೇ ಬರುತ್ತೇನೆ. ನಮ್ಮೂರ ಆರೋಗ್ಯ ಕೇಂದ್ರಕ್ಕೇ ನನ್ನನ್ನು ಕರೆತರುತ್ತಾರೆ. ನೋವು ಹೆಚ್ಚಾದಾಗ ಅವ್ವ, ನರ್ಸಮ್ಮ ಎಲ್ಲಿ ಎಂದು ಕೂಗಿಕೊಂಡು ಆ ಖಾಲಿ ಕಟ್ಟಡದ ತುಂಬ ಓಡಾಡುತ್ತಾಳೆ. ಮಂಚದ ಮೇಲೆ ಬಿದ್ದಿರುವವಳೇ ಆ ನರ್ಸಮ್ಮ ಎಂದು ಅವಳಿಗೆ ಯಾರು ಹೇಳಬೇಕು, ಮಾನ್ಯರೇ?

ಇಂತಿ,
ಇನ್ನೂ ಅನುಭವವಾಗದ
ಜಂಬಕ್ಕ, ಗಾದಿಲಿಂಗಪ್ಪನ ಮಗಳು
(ಮದುವೆಯಾಗುವವರೆಗೆ ಇದೇ ವಿಳಾಸ)