ಎಂಟರ ಹೊಟ್ಟೆಗೆ ತಕ್ಕ ಬ್ಲೇಡು

ನರಸಿಂಹರಾಜಪುರ
12-11-2006

ಪೂಜ್ಯ ಮಾವನವರಿಗೆ ನಿಮ್ಮ ಸೊಸೆ ದಾಕ್ಷಾಯಿಣಿಯ ಶರಣಾರ್ಥಿಗಳು.

ನಿಮ್ಮನ್ನು ಕೇಳದೆ ವರ್ಕ್‌ಶಾಪಿನ ಬೀಗ ತೆಗೆದೆ, ಬೈಯಬೇಡಿ. ಶೃಂಗೇರಿಯ ಲಾಡ್ಜಿನವರು ರೂಮಿನ ಬಾಗಿಲಿಗೆ ಹೊಡೆಯಲು ಮರದ ಅಂಕಿಗಳು ಬೇಕೆಂದರು, ಒಪ್ಪಿಕೊಂಡೆ. ನಿಮ್ಮ ಮಗ ಹಲಗೆಯಲ್ಲಿ ಸುತ್ತು ಆಕಾರ ಕೊಯ್ಯುವ ಆ ಸ್ಕ್ರಾಲ್ ಸಾ ಮಷಿನ್ನಿಗೆ ಹಾಕಿಟ್ಟಿದ್ದ ಅಗಲದ ಬ್ಲೇಡು ಎಂಟರ ಹೊಟ್ಟೆಯೊಳಗೆ ತಿರುಗುವುದೇ ಇಲ್ಲ. ತೀರಾ ಸಣ್ಣ ಹಲ್ಲಿನದು ಹಾಕಿದರೆ ಹಲಸಿನ ಹಲಗೆ ಸುಟ್ಟು ಕಪ್ಪಾಗುತ್ತದೆ. ಇವೆರಡರ ನಡುವಿನದು ಯಾವುದೆಂದು ನಿಮಗೇ ಗೊತ್ತು.

ಮೊನ್ನೆ ಬ್ಲೇಡನ್ನು ತಲೆಕೆಳಗಾಗಿ, ಹಲ್ಲು ಮೇಲ್ಮುಖವಾಗಿ ಹಾಕಿಬಿಟ್ಟಿದ್ದೆ. ಸ್ವಿಚ್ಚು ಒತ್ತಿದ್ದೇ ತಡ, ಹಲಗೆ ಕಪ್ಪೆಯ ಹಾಗೆ ಕುಣಿಯಿತು. ಬಾಗಿಲಲ್ಲಿ ನಿಂತಿದ್ದ ಕೃತಿಕಾ, "ಎಂತ ಅಮ್ಮ ಇದು! ಅಜ್ಜ ನೋಡ್ಬೇಕಿತ್ತು!" ಎಂದು ಬಿದ್ದು ಬಿದ್ದು ನಕ್ಕಳು. ಅವಳ ಅಪ್ಪ ತೀರಿಕೊಂಡು, ನೀವು ಬಾಳೆಹೊನ್ನೂರಿಗೆ ಮಗಳ ಮನೆಗೆ ಹೊರಟುಹೋದ ಮೇಲೆ ಈ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

ಒಂದು ಡಜನ್ ಬ್ಲೇಡು ಬೇಕು. ಅಂಚೆಯಲ್ಲಿ ಕಳಿಸಬೇಡಿ, ಬಾಗಿಬಿಡುತ್ತವೆ. ನೀವೇ ಬೆಳಗಿನ ಬಸ್ಸಿಗೆ ತನ್ನಿ. ಅಲ್ಲಿಯವರೆಗೆ ನಾನು ಹೊಟ್ಟೆಯಿಲ್ಲದ ಒಂದು, ಏಳು ಕೊಯ್ದಿಟ್ಟಿರುತ್ತೇನೆ. ಎಂಟನ್ನು ನಿಮಗೇ ಬಿಟ್ಟಿದ್ದೇನೆ.

ಇಂತಿ,
ದಾಕ್ಷಾಯಿಣಿ